ಮುದ್ರಣಾಲಯದ ಝಡ್ ಡ್ರೈವ್

ಗದಗಿನ ನಮ್ಮ ಮುದ್ರಣಾಲಯದಲ್ಲಿ ಮಾನಿಟರ್ ಇಲ್ಲದ ಒಂದು ಹಳೆಯ ಕಂಪ್ಯೂಟರಿದೆ. ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ಕು ಎಲ್ಲದರ ಫೈಲುಗಳೂ ಅದರಲ್ಲೇ. ಡಿಟಿಪಿ ಮಾಡುವವರ ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಝಡ್ ಡ್ರೈವ್ ಆಗಿ ಕಾಣುತ್ತದೆ. ಪೆನ್‌ಡ್ರೈವ್ ಓಡಾಟ ನಿಂತಿತು. ಪ್ರೂಫ್ ತಿದ್ದಿದ ಪ್ರತಿ ಯಾವುದೆಂಬ ಜಗಳವೂ ನಿಂತಿತು. ಒಳಗಿರುವುದು ಲಿನಕ್ಸ್. ಅದನ್ನು ವಿಂಡೋಸ್ ಜೊತೆ ಮಾತಾಡಿಸುವುದು ಸಾಂಬಾ ಎಂಬ ಮುಕ್ತ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಎಷ್ಟು ಜನ ಬಳಸಿದರೂ ಲೈಸೆನ್ಸಿನ ಲೆಕ್ಕವಿಲ್ಲ.

ವಿಂಡೋಸ್ ಫೈಲು ಹಂಚಿಕೊಳ್ಳುವುದು ಎಸ್‌ಎಂಬಿ ಎಂಬ ಪ್ರೋಟೊಕಾಲಿನಲ್ಲಿ. 1991ರ ಕೊನೆಯಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧನಾ ವಿದ್ಯಾರ್ಥಿ ಆಂಡ್ರೂ ಟ್ರಿಜೆಲ್‌ಗೆ ತಮ್ಮ ಡಾಸ್ ಕಂಪ್ಯೂಟರಿನಿಂದ ಯುನಿಕ್ಸ್ ಯಂತ್ರದ ಫೈಲು ತೆರೆಯಬೇಕಿತ್ತು. ಎರಡು ಯಂತ್ರಗಳ ನಡುವೆ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು, ಯಾವ ಕೇಳಿಕೆಗೆ ಯಾವ ಉತ್ತರ ಬರುತ್ತದೆಂದು ನೋಡುತ್ತ ಅವರೇ ಸರ್ವರ್ ಬರೆದರು; ಅದೇ ಮುಂದೆ ಸಾಂಬಾ ಆಯಿತು. ಫ್ರಾನ್ಸಿನ ಕೆಫೆಯಲ್ಲಿ ಕುಳಿತು, ಗಿರಾಕಿ ಏನೆಂದರೆ ಮಾಣಿ ಏನು ತಂದಿಡುತ್ತಾನೆಂದು ಗಮನಿಸಿ ಫ್ರೆಂಚ್ ಕಲಿತ ಹಾಗೆ ಎಂದು ಮುಂದೆ ಅವರೇ ವಿವರಿಸಿದ್ದುಂಟು. ಈ ತಾಳ್ಮೆಗೆ ನಾನು ಮನಸಾರೆ ಋಣಿ.

2004ರಲ್ಲಿ ಯುರೋಪಿಯನ್ ಕಮಿಷನ್, ಪ್ರೋಟೊಕಾಲಿನ ವಿವರಗಳನ್ನು ಪ್ರತಿಸ್ಪರ್ಧಿಗಳಿಗೆ ಕೊಡುವಂತೆ ಮೈಕ್ರೋಸಾಫ್ಟ್‌ಗೆ ಆದೇಶಿಸಿತು. 2007ರಲ್ಲಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಡಿಸೆಂಬರಿನಲ್ಲಿ 10,000 ಯೂರೋ ಶುಲ್ಕಕ್ಕೆ ಸಾಂಬಾ ಬಳಗದ ಕೈಗೆ ಆ ದಾಖಲೆಗಳು ಸಿಗುವ ಒಪ್ಪಂದವಾಯಿತು. ಅಲ್ಲಿಯವರೆಗೆ ಕದ್ದಾಲಿಸಿಯೇ ಕಲಿತದ್ದು ಹೆಚ್ಚು.

ಸಾಂಬಾದ ಸೆಟ್ಟಿಂಗೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿದೆ: ಯಾವ ಫೋಲ್ಡರ್, ಯಾರು ಓದಬಹುದು, ಯಾರು ತಿದ್ದಬಹುದು. ನಮ್ಮಲ್ಲಿ ಡಿಸೈನ್ ಮಾಡುವವರು ತಿದ್ದುತ್ತಾರೆ, ಪ್ರಿಂಟ್ ತೆಗೆಯುವವರು ಓದುತ್ತಾರೆ ಅಷ್ಟೆ. ಫೈಲಿಗೆ ಯುನಿಕೋಡ್ ಕನ್ನಡದಲ್ಲೇ ಹೆಸರಿಟ್ಟರೂ ಕೆಡುವುದಿಲ್ಲ.

ಹಳೆಯ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ತೆರೆದಿಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿದ್ದು ವಿಂಡೋಸ್‌ನಲ್ಲಿದ್ದ ಆ ಹಳೆಯ ಆವೃತ್ತಿಯ ಬಿರುಕಿನಿಂದಲೇ. ಸಾಂಬಾ ಕೂಡ 2019ರ 4.11 ಆವೃತ್ತಿಯಿಂದ ಅದನ್ನು ತಾನಾಗಿಯೇ ಮುಚ್ಚಿಡುತ್ತದೆ.

ಝಡ್ ಡ್ರೈವಿನಲ್ಲಿ ಅಳಿಸಿದ್ದು ವಿಂಡೋಸ್‌ನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತೆಂದರೆ ಹೋಯಿತು. ಸಾಂಬಾದಲ್ಲೇ ಇರುವ ರೀಸೈಕಲ್ ಮಾಡ್ಯೂಲ್ ಹಾಕಿಕೊಂಡರೆ ಅದು ಬೇರೊಂದು ಫೋಲ್ಡರಿಗೆ ಸರಿಯುತ್ತದೆ. ಡಿಸ್ಕೇ ಕೆಟ್ಟರೆ ಅದೂ ಉಳಿಯದು. ಹಾಗಾಗಿ ಬದಲಾದ ಫೈಲುಗಳಷ್ಟೇ ರಾತ್ರಿ ಇನ್ನೊಂದು ಹಾರ್ಡ್‌ಡಿಸ್ಕಿಗೆ ಹೋಗುತ್ತವೆ. ಅದನ್ನು ಮಾಡುವ ಆರ್‌ಸಿಂಕ್ ಕೂಡ 1996ರಲ್ಲಿ ಇದೇ ಟ್ರಿಜೆಲ್, ಪಾಲ್ ಮ್ಯಾಕೆರಾಸ್ ಜೊತೆಗೂಡಿ ಬರೆದದ್ದು.