ಪಾಠದ ಮಾರ್ಪಾಡು ಮತ್ತು ಜಾನಪದ: ಕಿಕ್ಕೇರಿ ಪರಿಸರದ ನಿದರ್ಶನಗಳು

ವಿಶೇಷ ಅಗತ್ಯವುಳ್ಳ ಮಗುವನ್ನು ಶಾಲೆಗೆ ದಾಖಲಿಸುವುದು ಬೇರೆ, ಪಾಠದೊಳಕ್ಕೆ ಕರೆದುಕೊಳ್ಳುವುದು ಬೇರೆ. ಎಂ. ಶ್ರೀನಿವಾಸರಾಯರು 1901ರಲ್ಲಿ ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳಿಗಾಗಿ ಶಾಲೆ ತೆರೆದುದು ಈ ನಾಡಿನ ಮಹತ್ವದ ಆರಂಭ. ಅದು ಪ್ರತ್ಯೇಕ ಶಾಲೆಯ ಮಾರ್ಗವಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮತ್ತು 21 ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ತರುವಾಯ ಊರಿನ ಶಾಲೆಯಲ್ಲಿಯೇ ಓರಗೆಯವರೊಡನೆ ಕಲಿಯುವುದು ಈ ಮಕ್ಕಳ ಹಕ್ಕಾಗಿದೆ. ಆದರೆ ಪಠ್ಯಪುಸ್ತಕವು ಎಲ್ಲರ ಕಣ್ಣು, ಕಿವಿ ಮತ್ತು ವೇಗ ಒಂದೇ ಎಂದು ಭಾವಿಸಿಕೊಂಡಿರುತ್ತದೆ. ಮಗು ಕೊಠಡಿಯಲ್ಲಿದ್ದೂ ಪಾಠದ ಹೊರಗುಳಿಯುವುದು ಇದರಿಂದಲೇ.

ಪಾಠದ ಮಾರ್ಪಾಡು ಎರಡು ಬಗೆಯದು. ಕಲಿಕೆಯ ಗುರಿಯನ್ನು ಹಾಗೆಯೇ ಉಳಿಸಿಕೊಂಡು ತಲುಪುವ ದಾರಿಯನ್ನು ಬದಲಿಸುವುದು ಒಂದು. ಗುರಿಯನ್ನೇ ಮಗುವಿಗೆ ತಕ್ಕಂತೆ ಹೊಂದಿಸುವುದು ಇನ್ನೊಂದು. ದೃಷ್ಟಿದೋಷವಿರುವ ಮಗುವಿಗೆ ಮೊದಲನೆಯದೇ ಸಾಕಾಗುವ ಕಡೆ ಗುರಿಯನ್ನು ತಗ್ಗಿಸುವುದು ಅನ್ಯಾಯವೇ ಸರಿ. ದಾರಿಯನ್ನು ಬದಲಿಸಲು ಬೇಕಾದ ಸಾಮಗ್ರಿ ಜನಪದರ ಬದುಕಿನಲ್ಲಿ ಹೇರಳವಾಗಿದೆ. ಕವಿ ಕೆ.ಎಸ್. ನರಸಿಂಹಸ್ವಾಮಿಯವರ (1915-2003) ಹುಟ್ಟೂರಾದ, ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಪರಿಸರವನ್ನು ಆಧರಿಸಿ ಇದನ್ನು ವಿಷಯವಾರು ಪರಿಶೀಲಿಸಬಹುದು.

ಗಣಿತದಲ್ಲಿ ಅಳಗುಳಿಮಣೆ ಉತ್ತಮ ಉಪಕರಣ. ಏಳರಂತೆ ಎರಡು ಸಾಲು, ಒಟ್ಟು 14 ಕುಳಿಗಳು. ಕುಳಿಗೆ ಐದರಂತೆ ಹುಣಸೆಬೀಜ ಇಟ್ಟರೆ 70 ಆಗುವುದನ್ನು ಬೆರಳೇ ಕಂಡುಕೊಳ್ಳುತ್ತದೆ. ಅಂಕಿಗಳು ಕಣ್ಣಿಗೆ ಕಲಸಿದಂತಾಗುವ ಮಗುವಿಗೂ ಗುಣಾಕಾರ ಇಲ್ಲಿ ಕೈಗೆ ಸಿಗುತ್ತದೆ. ಭಿನ್ನರಾಶಿಗೆ ಹಳೆಯ ಅಳತೆಗಳಿವೆ: ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ರಾಗಿ ಅಳೆದು ಸುರಿಯುವಾಗ ಕಾಲು ಮತ್ತು ಅರೆಗಳ ಸಂಬಂಧ ಸ್ಪಷ್ಟವಾಗುತ್ತದೆ.

ವಿಜ್ಞಾನದಲ್ಲಿ ಶಬ್ದದ ಪಾಠ ಶ್ರವಣದೋಷವಿರುವ ಮಗುವಿಗೆ ನಿಲುಕದೆಂದು ಕೈಬಿಡಬೇಕಿಲ್ಲ. ತಮಟೆಯ ಮೇಲೆ ನಾಲ್ಕು ರಾಗಿ ಕಾಳು ಹಾಕಿ ಬಡಿದರೆ ಕಾಳು ಕುಣಿಯುವುದು ಕಾಣುತ್ತದೆ. ಬಳೆಯನ್ನು ಮುಟ್ಟಿದರೆ ಕಂಪನ ಅಂಗೈಗೆ ತಿಳಿಯುತ್ತದೆ. ಬಾರಿಸುವ ಮುನ್ನ ಬೆಂಕಿಗೆ ಕಾಯಿಸಿದಾಗ ತೇವ ಆರಿ ಚರ್ಮ ಬಿಗಿಯಾಗುವುದನ್ನು ಬೆರಳಿನಿಂದ ಒತ್ತಿ ಅರಿಯಬಹುದು.

ಸಮಾಜವಿಜ್ಞಾನಕ್ಕೆ ಊರಿನ ಬ್ರಹ್ಮೇಶ್ವರ ದೇವಾಲಯವೇ ಪಾಠ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1171ರಲ್ಲಿ ನಿರ್ಮಾಣವಾದ ಏಕಕೂಟ ಗುಡಿಯಿದು. ಗರ್ಭಗೃಹ, ಸುಕನಾಸಿ, ನವರಂಗಗಳನ್ನು ಜೇಡಿಮಣ್ಣಿನಲ್ಲಿ ಮಾಡಿ ಕೈಗಿತ್ತರೆ, ದೃಷ್ಟಿದೋಷವಿರುವ ವಿದ್ಯಾರ್ಥಿಯು ಪುಸ್ತಕದ ಚಿತ್ರದಿಂದ ದೊರೆಯದ ವಿನ್ಯಾಸಜ್ಞಾನವನ್ನು ಪಡೆಯುತ್ತಾನೆ. ಬಳಿಕ ಅದೇ ಕ್ರಮದಲ್ಲಿ ಗುಡಿಯೊಳಗೆ ನಡೆದು ನೋಡಬಹುದು.

ಭಾಷಾಪಾಠದಲ್ಲಿ ಒಗಟು ನೆರವಾಗುತ್ತದೆ. ಒಗಟು ವಸ್ತುವಿನ ಹೆಸರನ್ನು ಮರೆಮಾಡಿ ಗುಣಗಳನ್ನು ಹೇಳುತ್ತದೆ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಈ ಕ್ರಮವನ್ನು ತಿರುವುಮುರುವು ಮಾಡಬೇಕು: ತೆಂಗಿನಕಾಯಿಯನ್ನು ಮೊದಲು ಕೈಗಿತ್ತು, ಗುಣಗಳನ್ನು ಒಂದೊಂದಾಗಿ ಹೇಳಿಸಬೇಕು. ಮಗು ಒಗಟನ್ನು ಬಿಡಿಸುವ ಬದಲು ಕಟ್ಟುತ್ತದೆ, ಉಳಿದವರು ಬಿಡಿಸುತ್ತಾರೆ. ಇಲ್ಲಿ ಹೊಂದಿಸಿರುವುದು ಗುರಿಯನ್ನು. ಪಾಠದಲ್ಲಿ ಮಗುವಿನ ಪಾಲು ಕಡಿಮೆಯಾಗಿಲ್ಲ.

ಎರಡು ಎಚ್ಚರಿಕೆಗಳು ಅಗತ್ಯ. ಕುರುಡು, ಕುಂಟು, ಕಿವುಡುಗಳನ್ನು ಹಾಸ್ಯಕ್ಕೆ ಗುರಿಮಾಡುವ ಗಾದೆ, ಕತೆಗಳೂ ಜನಪದ ಸಂಪತ್ತಿನಲ್ಲಿಯೇ ಇವೆ. ಅವುಗಳನ್ನು ಸಂಗ್ರಹಿಸುವುದು ವಿದ್ವಾಂಸರ ಕೆಲಸ. ತರಗತಿಗೆ ಒಯ್ಯುವಾಗ ಆಯ್ಕೆ ಅನಿವಾರ್ಯ. ಎರಡನೆಯದಾಗಿ, ಕಲಿಸುವ ವಿಧಾನವನ್ನು ಬದಲಿಸಿ ಪರೀಕ್ಷೆಯನ್ನು ಹಳೆಯ ರೀತಿಯಲ್ಲಿಯೇ ಉಳಿಸಿದರೆ ಶ್ರಮ ವ್ಯರ್ಥ. ಬೀಜ ಎಣಿಸಿ ಕಲಿತವನಿಗೆ ಬೀಜ ಎಣಿಸಿ ಉತ್ತರಿಸುವ ಅವಕಾಶವಿರಬೇಕು.

ಈ ಸಾಮಗ್ರಿಯ ನಿಜವಾದ ಬಲ ಅದರ ಅಗ್ಗತನದಲ್ಲಿಲ್ಲ. ಅಳಗುಳಿಮಣೆಗೆ ಎದುರಾಳಿ ಬೇಕು, ಒಗಟಿಗೆ ಕೇಳುಗ ಬೇಕು. ಒಬ್ಬ ಮಗುವಿಗೆಂದು ತಂದ ಮಣೆಯ ಸುತ್ತ ಇಡೀ ತರಗತಿ ಕುಳಿತುಕೊಳ್ಳುತ್ತದೆ. ಪ್ರತ್ಯೇಕ ಹಾಳೆ, ಪ್ರತ್ಯೇಕ ಮೂಲೆ ಎಂಬ ಹೊಸ ದೂರವನ್ನು ಹುಟ್ಟಿಸದೆ ಪಾಠವನ್ನು ಬದಲಿಸಲು ಇದರಿಂದ ಸಾಧ್ಯವಾಗುತ್ತದೆ.