ಗೊತ್ತಿದ್ದೂ ಬಿಪಿ ಮಾತ್ರೆ ಬಿಡುವುದೇಕೆ? ಉತ್ತರ ಹುಡುಕುವ ಆರೋಗ್ಯ ಮನೋವಿಜ್ಞಾನ

ಮಾತ್ರೆ ನಿಲ್ಲಿಸಿದರೆ ಅಪಾಯವೆಂದು ವೈದ್ಯರು ಹೇಳಿರುತ್ತಾರೆ. ಆದರೂ ‘ಈಗ ಆರಾಮಾಗಿದ್ದೇನೆ’ ಎಂದು ಬಿಪಿ ಮಾತ್ರೆ ಬಿಡುವವರಿದ್ದಾರೆ. ಇದು ಬರೀ ಅಸಡ್ಡೆಯೇ? ಪದವಿ ಹಂತದಲ್ಲಿ ಆರೋಗ್ಯ ಮನೋವಿಜ್ಞಾನ ಓದುವವರು ಇಂಥ ಪ್ರಶ್ನೆಗಳಿಗೇ ಉತ್ತರ ಹುಡುಕುತ್ತಾರೆ.

1950ರ ದಶಕದ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಉಚಿತ ಎಕ್ಸ್‌ರೇ ವಾಹನಗಳು ಜನರಿದ್ದಲ್ಲಿಗೇ ಹೋಗುತ್ತಿದ್ದವು. ಆದರೂ ಅನೇಕರು ಪರೀಕ್ಷೆಗೆ ಬರಲಿಲ್ಲ. ಕಾರಣ ಹುಡುಕಿದ ಮನೋವಿಜ್ಞಾನಿಗಳು ‘ಆರೋಗ್ಯ ನಂಬಿಕೆ ಮಾದರಿ’ಯನ್ನು ರೂಪಿಸಿದರು. ಅದರ ಪ್ರಕಾರ ನಮ್ಮ ತೀರ್ಮಾನದ ಹಿಂದೆ ನಾಲ್ಕು ಪ್ರಶ್ನೆಗಳಿರುತ್ತವೆ: ಈ ಕಾಯಿಲೆ ನನಗೆ ಬರಬಹುದೇ? ಬಂದರೆ ಎಷ್ಟು ಗಂಭೀರ? ಹೇಳಿದಂತೆ ಮಾಡಿದರೆ ಲಾಭವೇನು? ಅದಕ್ಕೆ ಅಡ್ಡಿಯೇನು?

ಬಿಪಿ ಹೆಚ್ಚಿದ್ದರೂ ಸಾಮಾನ್ಯವಾಗಿ ಲಕ್ಷಣಗಳು ಇರುವುದಿಲ್ಲ. ಹಾಗಾಗಿ ಅಪಾಯ ಕಣ್ಣಿಗೆ ಬೀಳದು. ಮಾತ್ರೆಯ ಖರ್ಚು, ಅಡ್ಡಪರಿಣಾಮ ಮಾತ್ರ ಕಾಣುತ್ತವೆ. ಇಂಥವರನ್ನು ಗದರುವುದಕ್ಕಿಂತ ಅವರ ನಂಬಿಕೆ ಏನೆಂದು ಕೇಳುವುದು, ಮಾತ್ರೆಯನ್ನು ಬೆಳಗಿನ ತಿಂಡಿಯಂಥ ದಿನಚರಿಗೆ ಜೋಡಿಸುವುದು ಹೆಚ್ಚು ಉಪಯುಕ್ತ.

ಒತ್ತಡ, ನೋವು, ಧೂಮಪಾನ, ವೈದ್ಯ-ರೋಗಿ ಮಾತುಕತೆಗಳೂ ಪಾಠದಲ್ಲಿರುತ್ತವೆ. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರವನ್ನೂ ಕಲಿಯಬೇಕು. ‘ಕಾಯಿಲೆಯೆಲ್ಲ ಮನಸ್ಸಿನದೇ’ ಎಂದು ಈ ಶಾಸ್ತ್ರ ಹೇಳುತ್ತದೆ ಎಂಬುದು ತಪ್ಪು ಕಲ್ಪನೆ. 1977ರಲ್ಲಿ ವೈದ್ಯ ಜಾರ್ಜ್ ಎಂಗೆಲ್ ಮಂಡಿಸಿದ ಮಾದರಿಯಂತೆ ಅದು ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡುತ್ತದೆ.

ಸೇರುವ ಮುನ್ನ ಒಂದು ವಿಷಯ ತಿಳಿದಿರಲಿ. ಮನೋವಿಜ್ಞಾನದಲ್ಲಿ ಬಿ.ಎ. ಮುಗಿಸಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ತರಬೇತಿ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು.