ಗೇರು ಬೀಳದ ಪಿಕಪ್, ತಡವಾದ ಊಟ

ಲೋಣಾವಳದ ಒಂದು ಉಪನಯನಕ್ಕೆ ಮುಂಬಯಿಯಿಂದ ಮುನ್ನೂರು ಮಂದಿಯ ಊಟ ಹೊತ್ತು ಹೊರಟ ನಮ್ಮ ಹಳೆಯ ಪಿಕಪ್ ಖಂಡಾಲಾ ಘಾಟಿಯ ಏರಿನಲ್ಲಿ ನಿಂತೇಬಿಟ್ಟಿತು. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಹೋದರೆ ಗರಗರ ಸದ್ದು, ಗೇರು ಬೀಳಲೊಲ್ಲದು. ಬೇರೆ ಗಾಡಿ ಹಿಡಿದು, ಪಾತ್ರೆಗಳನ್ನು ಬದಲಿಸಿ, ಎಲೆ ಹಾಕುವಾಗ ಮಧ್ಯಾಹ್ನ ಎರಡೂವರೆ. ವಟುವಿನ ಅಜ್ಜಿ ನಮ್ಮನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಹೋಟೆಲಿಗೆ ಮರಳಿ ಡ್ರೈವರನನ್ನು ಗದರಿಸಿದೆವು. ಅವನು ಮೆಲ್ಲನೆ ಹೇಳಿದ: "ಧನಿ, ಕ್ಲಚ್ ಪೆಡಲ್ ತೀರಾ ಕೆಳಗೆ ಹೋಗ್ತಿದೆ ಅಂತ ತಿಂಗಳ ಹಿಂದೆಯೇ ಹೇಳಿದ್ದೆನಲ್ಲ." ಹೇಳಿದ್ದು ನಿಜ. ಮದುವೆ ಸೀಸನ್ ಮುಗಿಯಲಿ ಎಂದವರು ನಾವೇ.

ಮೊದಲ ಗ್ಯಾರೇಜಿನವರು ಇಡೀ ಗೇರ್‌ಬಾಕ್ಸ್ ಇಳಿಸಬೇಕೆಂದರು. ಮನಸ್ಸೊಪ್ಪದೆ ಒಬ್ಬ ಹಿರಿಯ ಮೆಕ್ಯಾನಿಕ್‌ನಿಗೆ ತೋರಿಸಿದೆವು. ಆತ ಸಮತಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿ ಗೇರು ಹಾಕಿ ನೋಡಿದ. ಎಲ್ಲ ಗೇರುಗಳೂ ಬೆಣ್ಣೆಯಂತೆ ಬಿದ್ದವು. ಇಂಜಿನ್ ಚಾಲು ಮಾಡಿ ಕ್ಲಚ್ ಒತ್ತಿ ಹಾಕಿದರೆ ಮತ್ತೆ ಗರಗರ. ಅಂದರೆ ತೊಂದರೆ ಇದ್ದದ್ದು ಕ್ಲಚ್ಚಿನಲ್ಲಿ. ಪೆಡಲ್ ಪೂರ್ತಿ ಒತ್ತಿದರೂ ಅದು ಇಂಜಿನಿನಿಂದ ಬಿಡಿಸಿಕೊಳ್ಳುತ್ತಿರಲಿಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಆಯಿಲ್ ಪೈಪಿನ ಮೂಲಕ ಕೆಳಗಿನ ಸ್ಲೇವ್ ಸಿಲಿಂಡರನ್ನು ತಳ್ಳಿ ಕ್ಲಚ್ ಬಿಡಿಸುತ್ತದೆ. ಆ ಸ್ಲೇವ್ ಸಿಲಿಂಡರಿನ ರಬ್ಬರ್ ಸೀಲ್ ಸವೆದು ಆಯಿಲ್ ಸೋರುತ್ತಿತ್ತು. ಸೀಲ್ ಬದಲಿಸಿ, ಗಾಳಿ ತೆಗೆದದ್ದಕ್ಕೆ ಆದ ಖರ್ಚು ಅಲ್ಪ.

ಆದರೆ ತಿಂಗಳಿಡೀ ಉಜ್ಜಿ ಉಜ್ಜಿ ಗೇರು ಹಾಕಿದ್ದರಿಂದ ಎರಡನೇ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿತ್ತು. ಕೆಲವೇ ವಾರಗಳಲ್ಲಿ ಗೇರ್‌ಬಾಕ್ಸ್ ನಿಜವಾಗಿಯೂ ಇಳಿಸಬೇಕಾಯಿತು. ಸೀಲಿನ ಖರ್ಚಿನಲ್ಲಿ ಮುಗಿಯಬಹುದಾದದ್ದು!

ಆ ಮೆಕ್ಯಾನಿಕ್ ಹೇಳಿಕೊಟ್ಟ ಇನ್ನಷ್ಟು ಗುರುತುಗಳು ಉದ್ಯಮ ಬಾಂಧವರಿಗೂ ಉಪಯೋಗವಾದೀತು. ರಿವರ್ಸ್ ಸೇರಿ ಎಲ್ಲ ಗೇರುಗಳೂ ಉಜ್ಜಿದರೆ ಮೊದಲು ಕ್ಲಚ್ ನೋಡಿಸಿ. ಒಂದೇ ಗೇರು ಉಜ್ಜಿದರೆ ಆ ಗೇರಿನ ಸಿಂಕ್ರೊನೈಸರ್ ಮೇಲೆ ಅನುಮಾನ. ಏರಿನಲ್ಲಿ ಇಂಜಿನ್ ಅಬ್ಬರಿಸುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದಾದರೆ ಕ್ಲಚ್ ಪ್ಲೇಟ್ ಸವೆದಿರುತ್ತದೆ. ಸಾಂಬಾರಿನಲ್ಲಿ ಸೌಟು ಆಡಿದಂತೆ ಗೇರ್ ಲಿವರ್ ಸಡಿಲವಾಗಿದ್ದರೆ ಬಹುಮಟ್ಟಿಗೆ ಬುಷ್ ಹೋಗಿರುತ್ತದೆ, ಹೆದರಬೇಕಿಲ್ಲ. ಹಾಕಿದ ಗೇರು ತಾನೇ ಜಾರಿ ನ್ಯೂಟ್ರಲ್‌ಗೆ ಬಂದರೆ ಮಾತ್ರ ಆ ಗಾಡಿಯನ್ನು ಘಾಟಿಗೆ ಕಳಿಸಲೇಬೇಡಿ. ಇಳಿಜಾರಿನಲ್ಲಿ ಇಂಜಿನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿಯೂ ಅಷ್ಟೇ ಅಪಾಯ.

ಇಂಜಿನ್ ಆಯಿಲ್ ನೋಡುವವರು ಗೇರ್ ಆಯಿಲ್ ಮರೆತೇಬಿಡುತ್ತಾರೆ. ನಾವೂ ಅದೇ ಸಾಲಿನವರು. ಅಂದು ಬಾಕ್ಸ್ ಬಿಚ್ಚಿದಾಗ ಆಯಿಲ್ ಅರ್ಧಕ್ಕೆ ಇಳಿದಿತ್ತು.

ಈಗ ಹೊರಗಿನ ಆರ್ಡರ್ ಇದ್ದರೆ ಹಿಂದಿನ ಸಂಜೆಯೇ ಪಾತ್ರೆ ಎಣಿಸುವ ಹೊತ್ತಿಗೆ ಡ್ರೈವರ್ ಕ್ಲಚ್ ಆಯಿಲ್ ನೋಡಿ ಅದೇ ಚೀಟಿಯಲ್ಲಿ ಬರೆಯುತ್ತಾನೆ. ಗಾಡಿ ಬೇಡ ಎಂದು ಬರೆದರೆ ಆ ದಿನಕ್ಕೆ ಬಾಡಿಗೆ ಗಾಡಿ. ಕಳೆದ ಸೀಸನ್ನಿನಲ್ಲಿ ಎರಡು ಸಲ ಹಾಗೆ ಬರೆದ. ಎರಡು ಸಲವೂ ನಾವು ಎದುರಾಡಲಿಲ್ಲ.